ಮೈ ತುರಿಸಿದರೆ ತಪ್ಪು ಗೋಧಿಯದೇ?



ಹತ್ತಿಮತ್ತೂರು ಸವಣೂರು ತಾಲ್ಲೂಕಿನ ಊರು. ಹಾವೇರಿ ಜಿಲ್ಲೆಯ ಬೇರೆ ಊರುಗಳಂತೆ ಇಲ್ಲಿಯೂ ದಿನದ ಊಟ ಎಂದರೆ ಜೋಳದ ರೊಟ್ಟಿ. ಹಬ್ಬದ ಊಟ ಎಂದರೆ ಗೋಧಿ. ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಶಾವಿಗೆ ಎಲ್ಲಕ್ಕೂ ಗೋಧಿ ಬೇಕು. ಈಗ ಹಬ್ಬ ಇಲ್ಲದ ದಿನವೂ ಚಪಾತಿ ಆಗುತ್ತದೆ. ಮುಂಜಾನೆ ಉಪ್ಪಿಟ್ಟು ಆಗುತ್ತದೆ. ಚಹಾದ ಜೊತೆ ಬಿಸ್ಕೀಟು ಬರುತ್ತದೆ.

ಹೀಗಿರುವಾಗ ಒಬ್ಬಾಕೆಯ ಮೈ ತುರಿಸುತ್ತದೆ. ನೀರು ತರುವಲ್ಲಿ ಮಾತು ಹೀಗೆ ನಡೆಯುತ್ತದೆ.

"ಯಾಕ ತಂಗೀ, ಹಿಂಗ ಕೆರಕೊಳ್ಳಾಕ ಹತ್ತೀಯಲ್ಲ?"

"ಏನ್ ಹೇಳ್ಲಿ ಯಕ್ಕಾ, ನಿನ್ನಿಯಿಂದ ಮೈಯೆಲ್ಲಾ ತುರಿಸ್ತೈತಿ."

"ಬದನೀಕಾಯಿ ತಿಂದಿದ್ದೇನು? ಅದು ನಂಜು."

"ಇಲ್ಲ ಬಿಡ್ರಿ ಯಕ್ಕಾ. ಚಪಾತಿ ತಿಂದಿದ್ದೆ."

"ಹಂಗಾರ ಗೋಧೀನ ನಿನಗ ಆಗಿ ಬರಂಗಿಲ್ಲ. ಬಿಟ್ಟುಬಿಡು."

ಬಿಡುವುದು ಸುಲಭ. ಆದರೆ ಗೋಧಿಯೇ ಕಾರಣ ಎಂದು ಹೇಗೆ ಗೊತ್ತಾಯಿತು? ತಪ್ಪು ಮಾಡದ ಆಹಾರವನ್ನು ಬಿಟ್ಟರೆ ಹೊಟ್ಟೆಗೆ ನಷ್ಟ. ನಿಜವಾದ ಕಾರಣ ಹಾಗೇ ಉಳಿದರೆ ಮೈಗೆ ನಷ್ಟ. ಹಾಗಾದರೆ ತಿಳಿಯುವುದು ಹೇಗೆ? ಬನ್ನಿ, ನೋಡೋಣ.

ಊಟದಿಂದ ಮೈ ಯಾಕೆ ತುರಿಸುತ್ತದೆ?

ನಮ್ಮ ಮೈಯಲ್ಲಿ ಕಾವಲುಗಾರರು ಇದ್ದಾರೆ. ರೋಗದ ಕ್ರಿಮಿ ಒಳಗೆ ಬಂದರೆ ಅವರು ಹೊಡೆದು ಓಡಿಸುತ್ತಾರೆ. ಕೆಲವರ ಮೈಯಲ್ಲಿ ಈ ಕಾವಲುಗಾರರು ಒಳ್ಳೆಯ ಆಹಾರವನ್ನೇ ವೈರಿ ಎಂದು ತಿಳಿಯುತ್ತಾರೆ. ಹಾಲು, ತತ್ತಿ, ಶೇಂಗಾ, ಮೀನು, ಸೀಗಡಿ, ಸೋಯಾ, ಗೋಡಂಬಿ, ಗೋಧಿ ಇವುಗಳಲ್ಲಿ ಯಾವುದೂ ಆಗಬಹುದು. ಆಗ ಮೈಯಲ್ಲಿ ಹಿಸ್ಟಮಿನ್ ಎಂಬ ರಸ ಬಿಡುಗಡೆ ಆಗುತ್ತದೆ. ಚರ್ಮ ಕೆಂಪಾಗಿ ಉಬ್ಬುತ್ತದೆ. ವಿಪರೀತ ತುರಿಸುತ್ತದೆ. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಒಗ್ಗದಿರುವುದು ಎಂದು ನಾವು ಹೇಳಬಹುದು.

ಹೀಗೆ ಏಳುವ ಉಬ್ಬುಗಳನ್ನು ನಮ್ಮಲ್ಲಿ ಪಿತ್ತಗಂಧೆ ಎಂದು ಕರೆಯುತ್ತಾರೆ. ಹೆಸರಿನಲ್ಲಿ ಪಿತ್ತ ಇದೆ. ಆದರೆ ಇದು ಪಿತ್ತದಿಂದ ಬರುವುದಲ್ಲ. ಆಹಾರದಿಂದ ಬಂದ ಗಂಧೆ ತಿಂದ ಕೆಲವೇ ನಿಮಿಷಗಳಲ್ಲಿ, ಇಲ್ಲವೇ ಎರಡು ಗಂಟೆಯೊಳಗೆ ಕಾಣುತ್ತದೆ. ಒಂದು ಗಂಧೆ ಒಂದು ದಿನದೊಳಗೆ ಅಡಗುತ್ತದೆ. ಕಲೆ ಉಳಿಯುವುದಿಲ್ಲ. ಅದೇ ಆಹಾರ ಮತ್ತೆ ತಿಂದರೆ ಮತ್ತೆ ಏಳುತ್ತದೆ.

ಆದರೆ ಗಂಧೆ ಆಹಾರದಿಂದ ಮಾತ್ರ ಬರುವುದಿಲ್ಲ. ಔಷಧದಿಂದ ಬರುತ್ತದೆ. ಹುಳ ಕಡಿದರೆ ಬರುತ್ತದೆ. ಜ್ವರ, ನೆಗಡಿ ಬಂದಾಗಲೂ ಬರುತ್ತದೆ. ಆರು ವಾರಕ್ಕಿಂತ ಹೆಚ್ಚು ದಿನ ಗಂಧೆ ಬರುತ್ತಲೇ ಇದ್ದರೆ ಅದಕ್ಕೆ ಆಹಾರ ಕಾರಣವಾಗಿರುವುದು ಬಹಳ ಕಡಿಮೆ.

ಎಲ್ಲ ತುರಿಕೆಯೂ ಊಟದ್ದಲ್ಲ

ರಾತ್ರಿ ತುರಿಕೆ ಹೆಚ್ಚುತ್ತದೆಯೇ? ಬೆರಳ ಸಂದಿಯಲ್ಲಿ ಗುಳ್ಳೆ ಇವೆಯೇ? ಮನೆಯ ಬೇರೆಯವರಿಗೂ ತುರಿಸುತ್ತದೆಯೇ? ಅದು ಕಜ್ಜಿ ಇರಬಹುದು. ಕಜ್ಜಿಗೆ ಕಾರಣ ಕಣ್ಣಿಗೆ ಸರಿಯಾಗಿ ಕಾಣದ ಒಂದು ಸಣ್ಣ ಹುಳ. ಮನೆಮಂದಿ ಎಲ್ಲರೂ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು. ಪಥ್ಯದಿಂದ ಕಜ್ಜಿ ಹೋಗುವುದಿಲ್ಲ.

ತೊಡೆಯ ಸಂದಿ, ಸೊಂಟದಲ್ಲಿ ಉಂಗುರದ ಹಾಗೆ ದುಂಡಗೆ ಹಬ್ಬಿದ್ದರೆ ಅದು ಹುಳುಕಡ್ಡಿ. ಗಜಕರ್ಣ ಎಂದೂ ಅನ್ನುತ್ತಾರೆ. ಅದು ಬೂಷ್ಟಿನ ಜಾತಿಯ ಸೋಂಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬು ಹಚ್ಚಬೇಡಿ. ಕೆಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಎಂಬ ಔಷಧ ಇರುತ್ತದೆ. ಎರಡು ದಿನ ತಂಪು ಅನಿಸುತ್ತದೆ. ಆಮೇಲೆ ಹುಳುಕಡ್ಡಿ ಮತ್ತಷ್ಟು ಹಬ್ಬುತ್ತದೆ.

ಹೊಲದ ಕೆಲಸದವರಿಗೆ ಇನ್ನೊಂದು ಕಾರಣ ಇದೆ. ಅದು ಕಾಂಗ್ರೆಸ್ ಕಸ. ಬಿಳಿ ಹೂ ಬಿಡುವ ಈ ಗಿಡ ನಮ್ಮ ದೇಶದ್ದಲ್ಲ. 1955-56ರ ಸುಮಾರಿಗೆ ಪುಣೆಯಲ್ಲಿ ಕಂಡಿತು. ಅಲ್ಲಿಂದ ದೇಶದ ತುಂಬ ಹಬ್ಬಿತು. ಇದನ್ನು ಬರಿಗೈಯಲ್ಲಿ ಕಿತ್ತರೆ ಕೆಲವರ ಕೈ, ಕುತ್ತಿಗೆ, ಮುಖ ತುರಿಸುತ್ತವೆ. ವರ್ಷ ಕಳೆದಂತೆ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಇಂಥವರು ಗೋಧಿ ಬಿಟ್ಟರೂ ಗುಣವಾಗುವುದಿಲ್ಲ. ಕಸದಿಂದ ದೂರ ಇರಬೇಕು. ಕೀಳಲೇಬೇಕಾದರೆ ಕೈಗೆ ಚೀಲ ಹಾಕಿ, ತುಂಬು ತೋಳಿನ ಅಂಗಿ ತೊಟ್ಟು ಕೀಳಬೇಕು.

ಬದನೆಕಾಯಿ ಕಲಿಸಿದ ಪಾಠ

ಬದನೆಕಾಯಿ ನಂಜು ಎಂದು ಹಿರಿಯರು ಹೇಳುತ್ತಾರೆ. ಅದು ನಿಜವೇ? ಮೈಸೂರಿನಲ್ಲಿ ಸಿ.ಎಫ್.ಟಿ.ಆರ್.ಐ. ಎಂಬ ಆಹಾರ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ವಿಜ್ಞಾನಿಗಳು ಮತ್ತು ಮೈಸೂರಿನ ವೈದ್ಯರು ಸೇರಿ ಇದನ್ನು ಪರೀಕ್ಷೆ ಮಾಡಿದರು. 2008ರಲ್ಲಿ ಅದರ ವರದಿ ಪ್ರಕಟವಾಯಿತು. 741 ಜನರನ್ನು ಅವರು ನೋಡಿದರು. ನೂರರಲ್ಲಿ ಸುಮಾರು 9 ಜನರಿಗೆ ಬದನೆಕಾಯಿ ಏನೋ ಒಂದು ರೀತಿಯಲ್ಲಿ ಒಗ್ಗುತ್ತಿರಲಿಲ್ಲ. ಅವರಲ್ಲಿ ಹೆಂಗಸರೇ ಹೆಚ್ಚು. ಆದರೆ ನಿಜವಾದ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಇದರಿಂದ ಏನು ತಿಳಿಯಿತು? ಹಿರಿಯರ ಮಾತು ಪೂರಾ ಸುಳ್ಳಲ್ಲ. ಬದನೆಕಾಯಿಯಲ್ಲಿ ಸ್ವಲ್ಪ ಹಿಸ್ಟಮಿನ್ ಇರುತ್ತದೆ. ಕೆಲವರಿಗೆ ಅದರಿಂದ ತುರಿಸಬಹುದು. ಆದರೆ ಎಲ್ಲರೂ ಅದನ್ನು ಬಿಡಬೇಕಾಗಿಲ್ಲ. ಸಂಶಯ ಬೇರೆ, ಸತ್ಯ ಬೇರೆ. ಎರಡರ ನಡುವೆ ಪರೀಕ್ಷೆ ಇರಬೇಕು. ಗೋಧಿಗೂ ಇದೇ ಮಾತು ಅನ್ವಯಿಸುತ್ತದೆ.

ಗೋಧಿಯ ಜಿಗಿ

ಹೋಳಿಗೆಯ ಕಣಕವನ್ನು ಎಳೆದು ನೋಡಿ. ರಬ್ಬರಿನಂತೆ ಎಳೆ ಎಳೆಯಾಗಿ ಬರುತ್ತದೆ. ಅದಕ್ಕೇ ಹೂರಣವನ್ನು ಒಳಗಿಟ್ಟು ತೆಳ್ಳಗೆ ಮಾಡಲು ಬರುತ್ತದೆ. ಜೋಳದ ಹಿಟ್ಟು ಹಾಗೆ ಎಳೆಯಲು ಬರುವುದಿಲ್ಲ. ಕುದಿನೀರು ಹಾಕಿ ನಾದಬೇಕು. ಕೈಯಿಂದ ಬಡಿಯಬೇಕು. ಸ್ವಲ್ಪ ತಪ್ಪಿದರೂ ರೊಟ್ಟಿ ಹರಿಯುತ್ತದೆ.

ಯಾಕೆ ಈ ವ್ಯತ್ಯಾಸ? ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ಅದು ಒಂದು ಜಾತಿಯ ಪ್ರೋಟೀನು. ಬೇಕಾದರೆ ಮನೆಯಲ್ಲೇ ನೋಡಬಹುದು. ಒಂದು ಉಂಡೆ ಗೋಧಿ ಕಣಕ ತೆಗೆದುಕೊಳ್ಳಿ. ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಬಿಳಿ ನೀರು ಹರಿದು ಹೋಗುತ್ತದೆ. ಕೊನೆಗೆ ಕೈಯಲ್ಲಿ ಅಂಟು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್.

ಮೈದಾ, ಗೋಧಿ ರವೆ, ಶಾವಿಗೆ ಎಲ್ಲವೂ ಗೋಧಿಯೇ. ಜವೆ ಗೋಧಿ, ಸದಕ ಹಳೆಯ ತಳಿಗಳು. ಅವುಗಳಲ್ಲಿಯೂ ಗ್ಲುಟೆನ್ ಇದೆ. ಬಾರ್ಲಿಯಲ್ಲಿಯೂ ಇದೆ. ಜೋಳ, ಸಜ್ಜೆ, ನವಣೆ, ಸಾವೆ, ರಾಗಿ, ಅಕ್ಕಿ, ಗೋವಿನಜೋಳ ಇವುಗಳಲ್ಲಿ ಈ ಗ್ಲುಟೆನ್ ಇಲ್ಲ.

ಬಹುಪಾಲು ಜನರಿಗೆ ಗ್ಲುಟೆನ್‌ನಿಂದ ಏನೂ ಆಗುವುದಿಲ್ಲ. ಗೋಧಿ ಒಳ್ಳೆಯ ಆಹಾರ. ಕೆಲವೇ ಜನರಿಗೆ ಮಾತ್ರ ಅದು ತೊಂದರೆ ಕೊಡುತ್ತದೆ.

ಗೋಧಿಯ ತೊಂದರೆ ಒಂದೇ ಬಗೆಯದಲ್ಲ

ಒಂದನೆಯದು ಗೋಧಿಯ ಅಲರ್ಜಿ. ತಿಂದ ಸ್ವಲ್ಪ ಹೊತ್ತಿಗೆ ಗಂಧೆ ಏಳುತ್ತದೆ. ತುಟಿ ಬಾಯುತ್ತದೆ. ವಾಂತಿ ಆಗಬಹುದು.

ಎರಡನೆಯದಕ್ಕೆ ಸೀಲಿಯಾಕ್ ರೋಗ ಎಂದು ಹೆಸರು. ಇದು ನಿಧಾನವಾಗಿ ಬರುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ಎಳೆಗಳಂಥ ಸಣ್ಣ ಎಳೆಗಳು ಇರುತ್ತವೆ. ಊಟದ ಸತ್ವವನ್ನು ಅವೇ ಹೀರುತ್ತವೆ. ಸೀಲಿಯಾಕ್ ಇದ್ದವರು ಗೋಧಿ ತಿಂದರೆ ಈ ಎಳೆಗಳು ಸವೆದುಹೋಗುತ್ತವೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಮಗು ಬೆಳೆಯುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿ ಆಗುತ್ತದೆ. ದೊಡ್ಡವರಿಗೆ ರಕ್ತ ಕಡಿಮೆ ಆಗುತ್ತದೆ. ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರುವುದಿಲ್ಲ. ಕೆಲವು ಹೆಂಗಸರಿಗೆ ಗರ್ಭ ನಿಲ್ಲುವುದು ಕಷ್ಟವಾಗಬಹುದು. "ಸೊಸೀಗೆ ಉಂಡದ್ದು ಮೈಗೆ ಹತ್ತವಲ್ದು" ಎಂದು ಆಡಿಕೊಳ್ಳುತ್ತಾರೆ. ತಪ್ಪು ಸೊಸೆಯದಲ್ಲ, ರೋಗದ್ದು.

ಈ ರೋಗ ಕೆಲವರಲ್ಲಿ ಚರ್ಮದ ಮೇಲೆಯೂ ಕಾಣುತ್ತದೆ. ಮೊಣಕೈ, ಮೊಣಕಾಲು, ಕುಂಡೆ, ಬೆನ್ನು, ತಲೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಎರಡೂ ಕಡೆ ಸಮನಾಗಿ ಬರುತ್ತವೆ. ಉರಿ, ತುರಿಕೆ ತಡೆಯಲು ಆಗುವುದಿಲ್ಲ. ಅಮೆರಿಕದ ವೈದ್ಯ ಡೂರಿಂಗ್ 1884ರಲ್ಲಿ ಈ ಚರ್ಮರೋಗದ ಬಗ್ಗೆ ಬರೆದರು. ಇದಕ್ಕೂ ಗೋಧಿಗೂ ಸಂಬಂಧ ಇದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಇದಕ್ಕೆ ವೈದ್ಯರು ಡ್ಯಾಪ್ಸೋನ್ ಎಂಬ ಗುಳಿಗೆ ಕೊಡಬಹುದು. ಅದೇ ಗುಳಿಗೆಯನ್ನು ಕುಷ್ಠರೋಗಕ್ಕೂ ಕೊಡುತ್ತಾರೆ. ಅದನ್ನು ಕೇಳಿ ಹೆದರಬೇಡಿ. ಇದು ಕುಷ್ಠವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆದರೆ ಆ ಗುಳಿಗೆಯನ್ನು ವೈದ್ಯರು ಹೇಳದೆ ನುಂಗಬಾರದು.

ಇನ್ನು ಕೆಲವರಿಗೆ ಈ ಎರಡೂ ಇರುವುದಿಲ್ಲ. ಆದರೂ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಇವರಿಗೆ ಮೊದಲಿನ ಎರಡು ರೋಗ ಇಲ್ಲವೆಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಂಡು ವೈದ್ಯರು ಸಲಹೆ ಕೊಡುತ್ತಾರೆ.

ನಮ್ಮ ಕಡೆ ಸೀಲಿಯಾಕ್ ಎಷ್ಟು ಜನಕ್ಕೆ ಇದೆ? ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದ ವರದಿ 2016ರಲ್ಲಿ ಪ್ರಕಟವಾಯಿತು. ಉತ್ತರ ಭಾರತದಲ್ಲಿ ಸಾವಿರಕ್ಕೆ 8-9 ಜನರಿಗೆ ಈ ರೋಗ ಇತ್ತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ ಮಾತ್ರ ಇತ್ತು. ಅಂದರೆ ನಮ್ಮ ಕಡೆ ಇದು ಅಪರೂಪ. ಆದರೆ ಇಲ್ಲವೇ ಇಲ್ಲ ಎಂದಲ್ಲ.

ಇದು ಗೊತ್ತಾದದ್ದು ಹೇಗೆ?

ಯುರೋಪಿನಲ್ಲಿ ನೆದರ್ಲೆಂಡ್ಸ್ ಎಂಬ ದೇಶ ಇದೆ. ಅಲ್ಲಿ ಡಿಕೆ ಎಂಬ ಮಕ್ಕಳ ವೈದ್ಯರು ಇದ್ದರು. ಸೀಲಿಯಾಕ್ ಇದ್ದ ಮಕ್ಕಳಿಗೆ ಗೋಧಿಯೇ ಆಗುವುದಿಲ್ಲ ಎಂಬ ಸಂಶಯ ಅವರಿಗೆ ಮೊದಲೇ ಇತ್ತು. ಎರಡನೇ ಮಹಾಯುದ್ಧ ನಡೆದಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಭಾರಿ ಬರ ಬಿತ್ತು. ಬ್ರೆಡ್ ಸಿಗಲಿಲ್ಲ. ಜನ ಹೂವಿನ ಗಡ್ಡೆ ತಿಂದು ಬದುಕಿದರು. ಊರೆಲ್ಲ ಸೊರಗಿತು. ಆದರೆ ಸೀಲಿಯಾಕ್ ಇದ್ದ ಮಕ್ಕಳು ಸುಧಾರಿಸಿದರು! ಯುದ್ಧ ಮುಗಿದು ಬ್ರೆಡ್ ಮತ್ತೆ ಬಂತು. ಅದೇ ಮಕ್ಕಳು ಮತ್ತೆ ಕಾಯಿಲೆ ಬಿದ್ದರು.

ಡಿಕೆ ಅವರು ಅಷ್ಟಕ್ಕೇ ಬಿಡಲಿಲ್ಲ. ಗೋಧಿ ಕೊಟ್ಟು ನೋಡಿದರು, ಬಿಡಿಸಿ ನೋಡಿದರು. ಎಲ್ಲವನ್ನೂ ಬರೆದಿಟ್ಟರು. 1950ರಲ್ಲಿ ಅದನ್ನು ಪ್ರಕಟಿಸಿದರು. ನೋಡಿ, ಸಂಶಯ ಸತ್ಯವಾದದ್ದು ಬರೆದಿಟ್ಟ ಮೇಲೆ.

ಪರೀಕ್ಷೆ ಮೊದಲು, ಪಥ್ಯ ಆಮೇಲೆ

ಇದು ಬಹಳ ಮುಖ್ಯ. ಸೀಲಿಯಾಕ್ ಇದೆಯೋ ಇಲ್ಲವೋ ತಿಳಿಯಲು ರಕ್ತ ಪರೀಕ್ಷೆ ಇದೆ. ಅದಕ್ಕೆ ಟಿ.ಟಿ.ಜಿ. ಪರೀಕ್ಷೆ ಎನ್ನುತ್ತಾರೆ. ಬೇಕಾದರೆ ಬಾಯಿಯಿಂದ ತೆಳ್ಳಗಿನ ನಳಿಕೆ ಇಳಿಸಿ ಕರುಳಿನ ಸಣ್ಣ ಚೂರು ತೆಗೆದು ನೋಡುತ್ತಾರೆ. ಚರ್ಮದ ಗುಳ್ಳೆ ಇದ್ದರೆ ಅದರ ಪಕ್ಕದ ಚರ್ಮದ ಚೂರನ್ನು ನೋಡುತ್ತಾರೆ.

ಆದರೆ ಪರೀಕ್ಷೆಯ ಹೊತ್ತಿಗೆ ನೀವು ಗೋಧಿ ತಿನ್ನುತ್ತಿರಬೇಕು. ಮೊದಲೇ ಬಿಟ್ಟರೆ ಕರುಳು ಮಾಯುತ್ತಾ ಬರುತ್ತದೆ. ರೋಗ ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಎಂದು ಬರಬಹುದು. ಆದ್ದರಿಂದ ಸಂಶಯ ಬಂದ ಕೂಡಲೇ ಗೋಧಿ ಬಿಡಬೇಡಿ. ಮೊದಲು ವೈದ್ಯರನ್ನು ಕಾಣಿರಿ. ಒಂದು ಮಾತು ಬೇರೆ ಇದೆ. ತಿಂದ ಕೂಡಲೇ ಗಂಧೆ, ಬಾವು ಬರುವವರು ಮಾತ್ರ ಆ ಆಹಾರ ಮುಟ್ಟದೆ ವೈದ್ಯರ ಹತ್ತಿರ ಹೋಗಬೇಕು.

ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಸವಣೂರಿನ ತಾಲ್ಲೂಕು ಆಸ್ಪತ್ರೆಗೆ, ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ.

ಗೋಧಿ ಬಿಡಲೇಬೇಕಾದರೆ

ಪರೀಕ್ಷೆಯಲ್ಲಿ ಸೀಲಿಯಾಕ್ ಇದೆ ಎಂದು ಬಂತು ಎನ್ನೋಣ. ಆಗ ಜೀವನ ಪೂರ್ತಿ ಗೋಧಿ ಬಿಡಬೇಕು. "ಹಬ್ಬದಾಗ ಒಂದ್ ತುತ್ತು ತಿಂದ್ರ ಏನಾಗ್ತೈತಿ?" ಎಂದು ಬೀಗರು ಒತ್ತಾಯ ಮಾಡುತ್ತಾರೆ. ಒಂದು ತುತ್ತಿನಿಂದಲೂ ಕರುಳಿಗೆ ಪೆಟ್ಟು ಬೀಳುತ್ತದೆ. ಕೈ ಮುಗಿದು ಬೇಡ ಎನ್ನಿ.

ಹೆದರಬೇಡಿ. ನಮ್ಮ ಜೋಳದ ರೊಟ್ಟಿ ಇದೆ. ಸಜ್ಜೆ ರೊಟ್ಟಿ, ನವಣೆ ಅನ್ನ, ಅಕ್ಕಿ ಅನ್ನ ಇವೆ. ಆದರೆ ಒಂದು ಎಚ್ಚರಿಕೆ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಹಾಕಿದರೆ ಗೋಧಿ ಹಿಟ್ಟು ಅದರಲ್ಲಿ ಸೇರುತ್ತದೆ. ಮನೆಯ ಬೀಸುಕಲ್ಲಿನಲ್ಲಿ ಬೀಸಿಕೊಳ್ಳುವುದು ಒಳ್ಳೆಯದು. ಗಿರಣಿಗೇ ಹೋಗಬೇಕಾದರೆ ಗಿರಣಿಯವರಿಗೆ ತಿಳಿಸಿ ಹೇಳಿ. ಕಲ್ಲು ಸ್ವಚ್ಛ ಮಾಡಿಸಿ, ಬರೀ ಜೋಳ ಬಹಳ ಹೊತ್ತು ಬೀಸಿದ ಮೇಲೆ ನಿಮ್ಮದು ಹಾಕಿಸಿ. ಲಟ್ಟಣಿಗೆ, ಹೆಂಚು ಬೇರೆ ಇಡಿ.

ಗೋಧಿ ಅಡಗಿ ಕೂತಿರುವ ತಿನಿಸುಗಳೂ ಇವೆ. ಬ್ರೆಡ್, ಬಿಸ್ಕೀಟು ಗೊತ್ತೇ ಇದೆ. ಗೋಬಿ ಮಂಚೂರಿಗೆ ಮೈದಾ ಹಚ್ಚುತ್ತಾರೆ. ಹಾಲಿಗೆ ಹಾಕುವ ಮಾಲ್ಟ್ ಪುಡಿಯಲ್ಲಿ ಬಾರ್ಲಿ ಇರಬಹುದು. ಅಂಗಡಿಯ ಹಿಂಗಿನಲ್ಲಿಯೂ ಗೋಧಿ ಹಿಟ್ಟು ಬೆರೆತಿರಬಹುದು.

ಇಲ್ಲಿ ನೀವು ಕಲಿತ ಓದು ಕೆಲಸಕ್ಕೆ ಬರುತ್ತದೆ. ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತಾರೆ. ಗೋಧಿ, ಹಾಲು, ತತ್ತಿ, ಶೇಂಗಾದಂಥವು ಇದ್ದರೆ ಬೇರೆಯಾಗಿ ತಿಳಿಸಬೇಕು ಎಂದು 2020ರ ಸರ್ಕಾರದ ನಿಯಮ ಹೇಳುತ್ತದೆ. ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಶಾಲೆಗೆ ಹೋಗುವ ಮಗಳಿಂದ ಓದಿಸಿ. ವೀಟ್, ಮೈದಾ, ಬಾರ್ಲಿ, ಮಾಲ್ಟ್ ಎಂಬ ಮಾತು ಇದ್ದರೆ ಆ ಪೊಟ್ಟಣ ಬೇಡ.

ಇನ್ನೊಂದು ಮಾತು. ಬರೀ ಜೋಳ ತಿಂದರೂ ಸಾಲದು. ಜೋಳವನ್ನೇ ಹೆಚ್ಚಾಗಿ ತಿನ್ನುತ್ತಿದ್ದ ಬಡ ಜನರಲ್ಲಿ ಪೆಲ್ಲಾಗ್ರ ಎಂಬ ರೋಗ ಕಂಡಿತ್ತು. ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಯವರು 1960ರಲ್ಲಿ ಇದನ್ನು ತಿಳಿಸಿದರು. ಬಿಸಿಲು ಬೀಳುವ ಕಡೆ, ಅಂದರೆ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಒಡೆಯುತ್ತದೆ. ಇದು ಒಂದು ಬಿ ಜೀವಸತ್ವದ ಕೊರತೆ. ಅಂದರೆ ತಿಂದದ್ದರಿಂದ ಮಾತ್ರವಲ್ಲ, ತಿನ್ನದೇ ಇದ್ದದ್ದರಿಂದಲೂ ಚರ್ಮ ಕೆಡುತ್ತದೆ. ಅದಕ್ಕೇ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಬೇಳೆ, ಕಾಳು ಪಲ್ಯ, ಸೊಪ್ಪು, ಮಜ್ಜಿಗೆ ಇರಲಿ. ತಿನ್ನುವವರು ತತ್ತಿ, ಮೀನು ತಿನ್ನಲಿ. ಮನೆಮಂದಿ ಉಂಡ ಮೇಲೆ ಉಳಿದ ಬರೀ ರೊಟ್ಟಿ ಖಾರ ತಿಂದು ಏಳಬೇಡಿ. ಊಟದಲ್ಲಿ ನಿಮಗೂ ಸಮಪಾಲು ಬೇಕು.

ಬರೆದಿಡಿ

ಮಗಳ ಹಳೆಯ ನೋಟುಬುಕ್ಕಿನಲ್ಲಿ ಖಾಲಿ ಹಾಳೆ ಇದ್ದರೆ ಸಾಕು. ಎರಡು ವಾರ ಬರೆಯಿರಿ. ಏನು ತಿಂದಿರಿ, ಯಾವಾಗ ತಿಂದಿರಿ, ಏನು ಕೆಲಸ ಮಾಡಿದಿರಿ, ಮೈ ಯಾವಾಗ ತುರಿಸಿತು ಎಂದು ಬರೆಯಿರಿ. ಹೀಗೆ:

ಸೋಮವಾರ: ಉಪ್ಪಿಟ್ಟು, ರೊಟ್ಟಿ, ಬದನೆಕಾಯಿ. ಹೊಲದಲ್ಲಿ ಕಸ ಕಿತ್ತೆ. ಸಂಜೆ ಕೈ, ಕುತ್ತಿಗೆ ತುರಿಕೆ.

ಮಂಗಳವಾರ: ಉಪ್ಪಿಟ್ಟು, ಚಪಾತಿ, ಬದನೆಕಾಯಿ. ಮನೆಯಲ್ಲೇ ಇದ್ದೆ. ತುರಿಕೆ ಕಡಿಮೆ.

ಬುಧವಾರ: ರೊಟ್ಟಿ, ಹೆಸರುಕಾಳು, ಅನ್ನ. ಹೊಲದಲ್ಲಿ ಕಸ ಕಿತ್ತೆ. ಸಂಜೆ ಮತ್ತೆ ಜೋರು ತುರಿಕೆ.

ಈಗ ಹೇಳಿ. ಗೋಧಿಯ ಮೇಲೆ ಸಂಶಯ ಪಡಬೇಕೇ? ಬದನೆಕಾಯಿಯ ಮೇಲೆಯೇ? ಹೊಲದ ಕಸದ ಮೇಲೆಯೇ? ಮೂರೇ ಸಾಲು ಬರೆದದ್ದು ಎಷ್ಟು ತಿಳಿಸಿತು ನೋಡಿ. ಈ ಹಾಳೆಯನ್ನು ವೈದ್ಯರಿಗೆ ತೋರಿಸಿ. ಅವರಿಗೂ ಕೆಲಸ ಸುಲಭವಾಗುತ್ತದೆ.

ತಡ ಮಾಡಬಾರದ ಹೊತ್ತು

ಏನಾದರೂ ತಿಂದ ಮೇಲೆ ಮುಖ, ನಾಲಿಗೆ ಬಾತರೆ, ಉಸಿರು ಕಟ್ಟಿದರೆ, ದನಿ ಒಡೆದರೆ, ತಲೆ ತಿರುಗಿ ಬಿದ್ದರೆ ಅದು ಜೀವಕ್ಕೆ ಅಪಾಯ. ಮನೆ ಮದ್ದು ಮಾಡುತ್ತಾ ಕೂಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿ ಇಡಿ. ಉಸಿರಾಟ ಕಷ್ಟವಾದರೆ ಕೂಡಿಸಿ. ಎಬ್ಬಿಸಿ ನಡೆಸಬೇಡಿ.

ನೆನಪಿಡಿ

ಮೈ ತುರಿಸಿದರೆ ಕಾರಣ ಹಲವು. ಊಟ ಅದರಲ್ಲಿ ಒಂದು ಮಾತ್ರ.

ಯಾರೋ ಹೇಳಿದರೆಂದು ಒಳ್ಳೆಯ ಆಹಾರ ಬಿಡಬೇಡಿ. ಮಕ್ಕಳಿಗೂ, ಬಸುರಿಯರಿಗೂ, ಬಾಣಂತಿಯರಿಗೂ ಬಿಡಿಸಬೇಡಿ.

ಸೀಲಿಯಾಕ್ ಸಂಶಯ ಇದ್ದರೆ ಪರೀಕ್ಷೆ ಆಗುವವರೆಗೆ ಗೋಧಿ ಬಿಡಬೇಡಿ.

ರೋಗ ಖಾತ್ರಿಯಾದರೆ ಒಂದು ತುತ್ತೂ ಬೇಡ.

ನೋಡಿ, ಬರೆದಿಡಿ, ತೋರಿಸಿ. ಆಮೇಲೆ ಪಥ್ಯ.

ಕೂಡಿ ಮಾತಾಡಿ

1. ನಿಮ್ಮ ಮನೆಯಲ್ಲಿ ನಂಜು ಎಂದು ಯಾವ ಆಹಾರ ಬಿಡುತ್ತಾರೆ? ಯಾಕೆ?

2. ನಿಮ್ಮೂರಿನಲ್ಲಿ ಕಾಂಗ್ರೆಸ್ ಕಸ ಎಲ್ಲೆಲ್ಲಿ ಬೆಳೆದಿದೆ? ಅದನ್ನು ಕೂಡಿ ತೆಗೆಯುವುದು ಹೇಗೆ?

3. ಒಂದು ಬಿಸ್ಕೀಟಿನ ಪೊಟ್ಟಣ ತನ್ನಿ. ಅದರಲ್ಲಿ ಏನೇನು ಇದೆ ಎಂದು ಓದಿ, ಬರೆಯಿರಿ.